ಹೆಲ್ವಿ ಅಜ್ಜಿಯನ್ನು ಒಪ್ಪಿಸುವ ಭಾಷಣ

ವೇಡ್ ಸಾರೆಲಾ ನನ್ನ ತರಗತಿಯಲ್ಲಿ ಮೊದಲ ಸಲ ಎದ್ದು ನಿಂತು ಮಾತಾಡಿದ್ದು ಎರಡು ನಿಮಿಷ. ಅದರಲ್ಲಿ ನನಗೆ ಕೇಳಿಸಿದ್ದು ಎರಡೇ ಶಬ್ದ, ಅದೂ ಅವನ ಹೆಸರು. ಕಡೆಯ ಸಾಲಿನಿಂದ ಟೆಸ್ಸಾ ಕೈ ಎತ್ತಿ, "ಮೇಡಂ, ಇವ್ನು ಶುರು ಮಾಡಿದ್ನಾ, ಇಲ್ಲಾ ಇನ್ನೂ ಉಸಿರು ತಗೋತಿದಾನಾ?" ಎಂದು ಕೇಳಿದಳು. ಅಷ್ಟರಲ್ಲಿ ವೇಡ್ ಮುಗಿಸಿ ಕೂತಾಗಿತ್ತು.

ಅಮೆರಿಕದ ಉತ್ತರದಲ್ಲಿ, ಸುಪೀರಿಯರ್ ಸರೋವರದ ದಂಡೆಯಲ್ಲಿರುವ ಟ್ಯಾಮರಾಕ್ ಬೇ ನಮ್ಮೂರು. ಇಲ್ಲಿಯ ಪುಟ್ಟ ಕಾಲೇಜಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಭಾಷಣ ಮಾಡುವುದನ್ನು ಕಲಿಸುತ್ತಿದ್ದೇನೆ. ನರ್ಸಿಂಗ್ ಓದುವವರು, ವೆಲ್ಡಿಂಗ್ ಕಲಿಯುವವರು, ಲೈನ್‌ಮನ್ ಆಗಲು ಬಂದವರು, ಯಾರಿಗೂ ನನ್ನ ತರಗತಿ ತಪ್ಪಿದ್ದಲ್ಲ. ಟೆಸ್ಸಾ ನರ್ಸಿಂಗಿನವಳು; ಅವಳ ಬಾಯಿಗೆ ಬೀಗ ಹಾಕುವುದೇ ನನಗೆ ಕೆಲಸ. ವೇಡ್ ಲೈನ್‌ಮನ್ ಕೋರ್ಸಿನವನು. ನಲವತ್ತಡಿ ಕಂಬದ ತುದಿಯಲ್ಲಿ ಗಾಳಿಗೆ ಓಲಾಡುತ್ತ ಸಲೀಸಾಗಿ ಕೆಲಸ ಮಾಡುತ್ತಿದ್ದ ಆ ಹುಡುಗನಿಗೆ, ನನ್ನ ತರಗತಿಯ ಸಮತಟ್ಟು ನೆಲದ ಮೇಲೆ ನಿಂತರೆ ದನಿಯೇ ಏಳುತ್ತಿರಲಿಲ್ಲ. ಅವನ ಮನೆತನವೇ ಹಾಗೆ. ಫಿನ್ಲೆಂಡಿನಿಂದ ಗಣಿ ಕೆಲಸಕ್ಕೆ ಬಂದವರ ಮರಿಮಕ್ಕಳು, ಮಾತನ್ನು ಚಳಿಗಾಲದ ಸೌದೆಯಂತೆ ಎಣಿಸಿ ಬಳಸುವವರು.

ವರ್ಷದ ಎರಡನೆಯ ಭಾಗದಲ್ಲಿ ಕಲಿಸುವುದು ಕೇಳುವವರ ಮನವೊಲಿಸುವ ಭಾಷಣ. ಅದನ್ನು ನಾನು ತುಂಬ ವರ್ಷ ತಪ್ಪಾಗಿಯೇ ಕಲಿಸಿದೆ ಎನ್ನಬೇಕು. ಹುಡುಗರು ಎದ್ದು ನಿಂತು "ಸೀಟ್ ಬೆಲ್ಟ್ ಹಾಕಿಕೊಳ್ಳಿ" ಎನ್ನುತ್ತಿದ್ದರು. ಆಗಲೇ ಸೀಟ್ ಬೆಲ್ಟ್ ಹಾಕಿಕೊಳ್ಳುವ ಹುಡುಗರು ಕೂತು ತಲೆಯಾಡಿಸುತ್ತಿದ್ದರು. ಎಲ್ಲರಿಗೂ ಒಳ್ಳೆಯ ಅಂಕ. ಆ ವರ್ಷ ನನಗೇ ಬೇಸರ ಬಂದು ನಿಯಮ ಬದಲಿಸಿದೆ.

"ಈ ಸಲ ಕ್ಲಾಸಲ್ಲಿ ಭಾಷಣ ಇಲ್ಲ" ಎಂದೆ. "ನಿಮಗೆ 'ಆಗಲ್ಲ' ಅಂತ ಹೇಳೋ ತಾಕತ್ತಿರೋ ಒಬ್ಬರನ್ನ ಹುಡುಕಿ. ಅವರ ಎದುರಿಗೇ ಹೋಗಿ ಮಾತಾಡಿ, 'ಆಯ್ತು' ಅನ್ನಿಸ್ಕೊಂಡು ಬರಬೇಕು. ನಾವೆಲ್ಲ ಜೊತೆಗೆ ಬಂದು ನೋಡ್ತೀವಿ."

ಟೆಸ್ಸಾ ಕ್ಯಾಂಟೀನಿನವರಿಗೆ ಶುಕ್ರವಾರವೂ ಸೂಪ್ ಮಾಡಲು ಹೇಳುತ್ತೇನೆಂದಳು. ವೆಲ್ಡಿಂಗಿನ ಹುಡುಗನೊಬ್ಬ ತನ್ನಣ್ಣನ ಗಡ್ಡ ತೆಗೆಸುತ್ತೇನೆಂದ. ವೇಡ್ ಏನೋ ಗೊಣಗಿದ. ಮೂರು ಸಲ ಕೇಳಿದ ಮೇಲೆ ಗೊತ್ತಾಯಿತು: "ನಮ್ ಮುಮ್ಮು. ಕಿವಿ ಪರೀಕ್ಷೆ."

ಮುಮ್ಮು ಎಂದರೆ ಅವನ ಅಜ್ಜಿ, ಹೆಲ್ವಿ ಸಾರೆಲಾ. ಎಂಬತ್ತಮೂರು ವರ್ಷ. ಕಾಲೇಜಿಗೆ ಹತ್ತಿರವೆಂದು ವೇಡ್ ಅವರ ಮನೆಯಲ್ಲೇ ಇದ್ದ. ಊರಲ್ಲಿ ಆ ಅಜ್ಜಿ ಗೊತ್ತಿಲ್ಲದವರಿಲ್ಲ. ಅವರ ಟಿ.ವಿ.ಯ ಸದ್ದಿಗೆ ಸೂರಿನ ಮೇಲಿನ ಹಿಮ ತಾನಾಗಿ ಜಾರಿ ಬೀಳುತ್ತದೆ, ಸಲಿಕೆ ಬೇಕಿಲ್ಲ ಎಂದು ನೆರೆಯವರು ನಗುತ್ತಿದ್ದರು. "ಕರೆಂಟ್ ಕಂಪನಿಯವ್ರು ಇಂಟರ್‌ವ್ಯೂಗೆ ಕರ್ದಿದಾರೆ ಅಂದ್ರೆ, 'ಫ್ರಿಜ್ಜಲ್ಲಿಡು, ಭಾನುವಾರ ಬೇಯಿಸೋಣ' ಅಂದ್ರು" ಎಂದು ವೇಡ್ ಹೇಳಿದಾಗ ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ. ಕಿವಿ ಪರೀಕ್ಷಿಸುವ ವ್ಯಾನ್ ಇನ್ನೆರಡು ವಾರದಲ್ಲಿ ಚರ್ಚಿನ ಅಂಗಳಕ್ಕೆ ಬರುವುದಿತ್ತು. ಪಟ್ಟಿಯಲ್ಲಿ ಹೆಸರು ಬರೆದರೆ ಸಾಕು. ಅಜ್ಜಿ ಮಾತ್ರ ಬರೆಯಲೊಲ್ಲರು.

"ಕಿವುಡನ ಮುಂದೆ ಕಿನ್ನರಿ ಬಾರಿಸ್ದಂಗೆ ಆಗುತ್ತೆ ಕಣೋ" ಎಂದಳು ಟೆಸ್ಸಾ. "ಅವ್ರಿಗೆ ಕೇಳ್ಸಲ್ಲ, ನಿಂಗೆ ಸೌಂಡಿಲ್ಲ."

ಎರಡು ದಿನ ಅವನಿಗೆ ತರಗತಿಯಲ್ಲಿ ಅಭ್ಯಾಸ ಮಾಡಿಸಿದೆ. ಹೊಟ್ಟೆಯಿಂದ ದನಿ ತೆಗೆ ಎಂದೆ, ಕಡೆಯ ಗೋಡೆ ನೋಡಿ ಮಾತಾಡು ಎಂದೆ. ಏನು ಮಾಡಿದರೂ ದನಿ ಅವನ ಕಾಲರ್ ದಾಟಲಿಲ್ಲ. ಮೂರನೆಯ ದಿನ ಕಿಟಕಿಯಾಚೆ, ಲೈನ್‌ಮನ್ ಹುಡುಗರು ಹತ್ತಿ ಕಲಿಯುವ ಕಂಬಗಳ ಅಂಗಳದಲ್ಲಿ ಯಾರೋ ಗಂಟಲು ಹರಿಯುವಂತೆ ಕೂಗಿದ್ದು ಕೇಳಿಸಿತು: "ಕೆಳಗಿರೋರು ಪಕ್ಕಕ್ ಹೋಗ್ರೋ! ಸುತ್ತಿಗೆ ಬೀಳ್ತಿದೆ!" ನೋಡಿದರೆ ವೇಡ್. ಕಂಬದ ತುದಿಯಲ್ಲಿದ್ದ.

ಮರುದಿನ ತರಗತಿಯನ್ನೆಲ್ಲ ಆ ಅಂಗಳಕ್ಕೆ ಕರೆದುಕೊಂಡು ಹೋದೆ. ಲೈನ್‌ಮನ್ ಕೋರ್ಸಿನ ಮೇಷ್ಟ್ರು ತಲೆ ಕೆರೆದುಕೊಂಡು ಒಪ್ಪಿದರು. ವೇಡ್ ಹೆಲ್ಮೆಟ್ ಹಾಕಿ, ಸೊಂಟದ ಬೆಲ್ಟು ಬಿಗಿದು ಕಂಬ ಹತ್ತಿದ. ನಾವು ಕೆಳಗೆ ಹಿಮದಲ್ಲಿ ಕಾಲು ಬಡಿಯುತ್ತ ನಿಂತೆವು.

"ಶುರು ಮಾಡಪ್ಪಾ!" ಎಂದೆ.

"ಅರವತ್ತೈದು ದಾಟಿದ ಮೂವರಲ್ಲಿ ಒಬ್ಬರಿಗೆ..." ಎಂದು ಅವನು ಶುರು ಮಾಡಿದ. ದನಿ ಖಣಖಣ ಎನ್ನುತ್ತಿತ್ತು. ಹುಡುಗರು ಚಪ್ಪಾಳೆ ಹೊಡೆದರು.

"ಅದು ಆಸ್ಪತ್ರೆ ಕಾಗದದಲ್ಲಿರೋದು" ಎಂದು ನಾನು ಕೂಗಿದೆ. "ನಿಂಗ್ಯಾಕೆ ಬೇಕು ಅಜ್ಜಿಗೆ ಕೇಳ್ಸೋದು?"

"ಟಿ.ವಿ. ಜೋರು!"

"ಹತ್ತಿ ಇಟ್ಕೊ ಕಿವಿಗೆ! ಇನ್ನೇನು?"

ಅವನು ಕಂಬದ ಮೇಲೆ ಕಾಲು ಬದಲಿಸಿ ನಿಂತ. ಟೆಸ್ಸಾ ಏನೋ ಅನ್ನಲು ಹೊರಟಳು, ನಾನು ಅವಳ ತೋಳು ಹಿಡಿದೆ. ಆಮೇಲೆ ಮೇಲಿನಿಂದ ಬಂತು: "ಒಂದ್ ಸಲ ಹೇಳ್ತೀನಿ, ಕೇಳ್ಸಲ್ಲ! ಎರಡನೇ ಸಲ ಹೇಳ್ತೀನಿ, ಕೇಳ್ಸಲ್ಲ! ಮೂರನೇ ಸಲ 'ಏನಿಲ್ಲ ಬಿಡು ಮುಮ್ಮು' ಅಂತೀನಿ! ಎರಡು ವರ್ಷದಿಂದ ಬರೀ 'ಏನಿಲ್ಲ ಬಿಡು' ಅಂತಾನೇ ಹೇಳಿದೀನಿ!"

ಹುಡುಗರು ಈ ಸಲ ಚಪ್ಪಾಳೆ ಹೊಡೆಯಲಿಲ್ಲ.

"ಇಳಿ ಕೆಳಗೆ" ಎಂದೆ. "ನಿನ್ ಭಾಷಣ ಸಿಕ್ತು."

ಗುರುವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಊರಿನ ಹಿರಿಯರ ಇಸ್ಪೀಟು ನಡೆಯುತ್ತದೆ. ಎಂಟು ಮೇಜು, ದೊಡ್ಡ ಡಬ್ಬಿಯ ಕಾಫಿ, ಯಾರಾದರೂ ಸುಟ್ಟು ತಂದ ಏಲಕ್ಕಿ ಬ್ರೆಡ್ಡು. ನಾವು ಹದಿನಾಲ್ಕು ಜನ ಗೋಡೆಗೆ ಒರಗಿ ನಿಂತೆವು. ಹೆಲ್ವಿ ಅಜ್ಜಿ ನಡುವಿನ ಮೇಜಿನಲ್ಲಿ ರೂಬೆನ್ ಟ್ರುಡೆಲ್ ಎದುರಿಗೆ ಕೂತಿದ್ದರು. ರೂಬೆನ್ ಅದಿರು ಸಾಗಿಸುವ ಹಡಗಿನಲ್ಲಿ ಅಡುಗೆಯವರಾಗಿದ್ದವರು. ಇಬ್ಬರೂ ಹನ್ನೊಂದು ವರ್ಷದಿಂದ ಎದುರಾಳಿಗಳು, ಹನ್ನೊಂದು ವರ್ಷದಿಂದ ಅಜ್ಜಿಯದೇ ಗೆಲುವು.

ವೇಡ್ ಮೇಜಿನ ಪಕ್ಕ ನಿಂತು, "ಮುಮ್ಮು, ಒಂದ್ ಮಾತು" ಎಂದ, ಕಾಲರಿನೊಳಗೇ.

"ಆಂ?"

"ಒಂದ್ ಮಾತು ಹೇಳ್ಬೇಕು."

"ಬಾತು ಯಾಕೋ ಈಗ? ಊಟ ಆಯ್ತಲ್ಲ!"

ಗೋಡೆಯ ಕಡೆಯಿಂದ ಟೆಸ್ಸಾ, "ಕಂಬ! ಕಂಬ ಹತ್ತೋ!" ಎಂದು ಪಿಸುಗುಟ್ಟಿದಳು. ವೇಡ್ ಸೊಂಟ ಮುಟ್ಟಿ ನೋಡಿಕೊಂಡ, ಅಲ್ಲಿ ಬೆಲ್ಟು ಇದೆಯೆಂಬಂತೆ. ಕತ್ತೆತ್ತಿದ.

"ಮುಮ್ಮು! ಹೋದ ವರ್ಷ ಮೊದಲನೇ ಸಲ ಕಂಬದ ತುದಿ ಮುಟ್ಟಿದ ದಿನ ನಿಂಗೆ ಹೇಳಕ್ಕೆ ಓಡ್ಕೊಂಡು ಬಂದೆ! ಮೂರು ಸಲ ಹೇಳಿದೆ! ಆಮೇಲೆ ಏನಿಲ್ಲ ಬಿಡು ಅಂದೆ!"

ಎಂಟೂ ಮೇಜಿನಲ್ಲಿ ಎಲೆಗಳು ನಿಂತವು.

"ತಾತನ ದೋಣಿ ಎಂಜಿನ್ನು ನಾನೇ ರಿಪೇರಿ ಮಾಡ್ದೆ, ಅದನ್ನೂ ಹೇಳ್ದೆ, ಏನಿಲ್ಲ ಬಿಡು ಅಂದೆ! ಕರೀನಾ ನನ್ನ ಬಿಟ್ಟು ಹೋದ್ಲು ಅಂತ ಅಡುಗೆಮನೇಲಿ ನಿಂತು ಹೇಳಿದ್ರೆ ನೀನು 'ಒಳ್ಳೇದಾಯ್ತು, ಸ್ವಲ್ಪ ಉಪ್ಪು ಹಾಕು' ಅಂದೆ! ನಿಂಗೆ ಹೇಳ್ದೆ ಇರೋ ವಿಷಯ ನನ್ನ ಹತ್ರ ಎರಡು ವರ್ಷದ್ದು ಬಿದ್ದಿದೆ ಮುಮ್ಮು! ಎಲ್ಲಾ ಹೇಳ್ಬೇಕು ನಂಗೆ, ಮೆಲ್ಲಗೆ ಹೇಳ್ಬೇಕು, ಹಿಂಗೆ ಊರಿಗೆಲ್ಲ ಕೇಳೋ ಹಂಗಲ್ಲ! ಅಲ್ಲಿ ಬಾಗಿಲ ಹತ್ರ ಪಟ್ಟಿ ಇದೆ. ಹೆಸರು ಬರಿ, ಅಷ್ಟೇ!"

ಮೊದಲು ಎದ್ದವರು ರೂಬೆನ್. "ಎಲ್ಲಪ್ಪಾ ಆ ಪಟ್ಟಿ?" ಎನ್ನುತ್ತ ಕಣ್ಣೊರೆಸಿಕೊಂಡು ಬಾಗಿಲ ಕಡೆ ನಡೆದರು. ಅವರ ಹಿಂದೆ ಇನ್ನೊಬ್ಬರು, ಇನ್ನಿಬ್ಬರು. ಪೆನ್ನಿಗೆ ಸಾಲು ನಿಂತಿತು. ಹನ್ನೊಂದು ಜನ ಹೆಸರು ಬರೆದರು. ಒಬ್ಬರಂತೂ ಬರೆದ ಮೇಲೆ, "ಯಾವುದಕ್ಕೆ ಇದು?" ಎಂದು ಕೇಳಿದರು.

ಹೆಲ್ವಿ ಅಜ್ಜಿ ಕದಲಲಿಲ್ಲ. ಕೈಯಲ್ಲಿನ ಎಲೆಗಳನ್ನು ಸರಿಯಾಗಿ ಜೋಡಿಸಿಕೊಂಡು ಮೊಮ್ಮಗನನ್ನು ನೋಡಿ ಹೇಳಿದರು: "ಒಂದಕ್ಷರ ಬಿಡದೆ ಕೇಳ್ಸ್ತು ಕಣೋ. ನನ್ ಕಿವಿಗೇನಾಗಿದೆ? ಆಗಿದ್ದೆಲ್ಲ ನಿನ್ ಬಾಯಿಗೆ. ಈಗ ಅದು ಸರಿಹೋಯ್ತಲ್ಲ!"

ನೆಲಮಾಳಿಗೆಯ ಸೂರು ಹಾರುವಂತೆ ಎಲ್ಲರೂ ನಕ್ಕರು. ವೇಡ್ ಕೂಡ ತಡೆಯಲಾರದೆ ನಕ್ಕ. ಆದರೆ ಪಟ್ಟಿಯಲ್ಲಿ ಅಜ್ಜಿಯ ಹೆಸರು ಬರಲಿಲ್ಲ.

ಮರುದಿನ ತರಗತಿಯಲ್ಲಿ ಅಂಕದ ಜಗಳ.

"ಹನ್ನೊಂದು ಜನ ಮೇಡಂ!" ಎಂದಳು ಟೆಸ್ಸಾ. "ನಾನು ಒಂದು ಸೂಪಿಗೆ ಮೂರು ಸಲ ಹೋಗಿ ಮಂಗಳಾರತಿ ಮಾಡಿಸ್ಕೊಂಡ್ ಬಂದಿದೀನಿ."

"ಗುರಿ ಇಟ್ಟಿದ್ದು ಒಂದು ಹಕ್ಕಿಗೆ, ಬಿದ್ದಿದ್ದು ಬೇರೆ ಹನ್ನೊಂದು" ಎಂದ ವೆಲ್ಡಿಂಗಿನವನು. "ಅದನ್ನ ಬೇಟೆ ಅಂತಾರಾ?"

ವೇಡ್ ತಾನಾಗಿ ಎದ್ದು ನಿಂತ. "ಮುಮ್ಮು ಬರೀಲಿಲ್ಲ ಮೇಡಂ. ಫೇಲ್ ಹಾಕಿ" ಎಂದ. ಕಡೆಯ ಸಾಲಿಗೂ ಕೇಳಿಸಿತು. ನಾನು ಪಾಸೂ ಹಾಕಲಿಲ್ಲ, ಫೇಲೂ ಹಾಕಲಿಲ್ಲ. 'ಬಾಕಿ' ಎಂದು ಬರೆದೆ.

ವ್ಯಾನ್ ಬಂದು ಹೋಯಿತು. ಕೆಲವು ವಾರದಲ್ಲಿ ರೂಬೆನ್‌ಗೆ ಎರಡೂ ಕಿವಿಗೆ ಕೇಳಿಸುವ ಯಂತ್ರ ಬಂತು. ಆಮೇಲೆ ನಡೆದದ್ದನ್ನು ಊರೆಲ್ಲ ಇನ್ನೂ ಹೇಳಿಕೊಂಡು ನಗುತ್ತದೆ. ಅದನ್ನು ಹಾಕಿಕೊಂಡು ಬಂದ ಮೊದಲ ಗುರುವಾರವೇ ರೂಬೆನ್ ಅಜ್ಜಿಯನ್ನು ಸೋಲಿಸಿದರು. ಮುಂದಿನ ಗುರುವಾರವೂ ಸೋಲಿಸಿದರು. ಮೂರನೆಯ ಗುರುವಾರ ಒಂದಾದ ಮೇಲೊಂದು ಏಳು ಆಟ. ಅಜ್ಜಿಯ ಮುಖ ಕೆಂಪಾಯಿತು.

"ಎಲೆಗೆ ಗುರುತು ಹಾಕಿದೀಯಾ ನೀನು!"

ರೂಬೆನ್ ಒಳ್ಳೆಯ ಮನುಷ್ಯ, ಹೆಚ್ಚು ದಿನ ಗುಟ್ಟು ಇಟ್ಟುಕೊಳ್ಳಲಾಗಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು: "ಹೆಲ್ವಿ, ಎಲೆ ಎತ್ಕೊಂಡ ತಕ್ಷಣ ಏನೇನ್ ಬಂದಿದೆ ಅಂತ ನೀನೇ ಗೊಣಗ್ತೀಯ! ಆಟೀನ್ ರಾಣಿ, ಕಳಾವರ್ ಎಕ್ಕ, ಎಲ್ಲಾ! ಹನ್ನೊಂದು ವರ್ಷದಿಂದ ನೀನು ಹೇಳ್ತಾನೇ ಇದ್ದೆ ಅಂತ ಕಾಣುತ್ತೆ, ನಂಗೆ ಈಗ ಕೇಳ್ಸ್ತಿದೆ!"

ಅಜ್ಜಿ ಎಲೆಗಳನ್ನು ಮೇಜಿನ ಮೇಲೆ ಕವುಚಿ ಹಾಕಿ, ಕೋಟು ತೊಟ್ಟು, ನೇರವಾಗಿ ಕಿವಿ ಡಾಕ್ಟರ ಬಳಿಗೆ ಹೋದರು.

ತರಗತಿಯ ಕಡೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ಹೆಲ್ವಿ ಅಜ್ಜಿ. ಕೈಯಲ್ಲಿ ಬಟ್ಟೆ ಮುಚ್ಚಿದ ಎರಡು ಏಲಕ್ಕಿ ಬ್ರೆಡ್ಡು, ಬೆಳ್ಳಿ ಕೂದಲ ಅಡಿಯಲ್ಲಿ ಎರಡು ಪುಟ್ಟ ಯಂತ್ರ. ವೇಡ್ ಬೆಂಚಿನ ಕೆಳಗೆ ಇಳಿದುಹೋಗುವವನಂತೆ ಕುಗ್ಗಿದ.

"ಟೀಚರಮ್ಮ, ಇಲ್ಲಿ ಮಾತಾಡಕ್ಕೆ ಫೀಸ್ ಕಟ್ಬೇಕಾ?"

"ನಿಮಗೆ ಬೇಡ, ಬನ್ನಿ" ಎಂದೆ.

ಅವರು ಮುಂದೆ ಬಂದು ನಿಂತರು. ಚೀಟಿಯಿಲ್ಲ, ನಡುಕವಿಲ್ಲ.

"ನಾನು ಹೆಲ್ವಿ ಸಾರೆಲಾ. ಈ ಹುಡುಗ ನನ್ನ ಒಪ್ಪಿಸ್ಲಿಲ್ಲ ಅಂತ ನೀವು ಅವನ ಮಾರ್ಕ್ಸ್ ತಡೆದಿದೀರಂತೆ. ನನ್ನ ಒಪ್ಪಿಸಿದ್ದು ರೂಬೆನ್ ಅಂತ ಊರಲ್ಲಿ ಹೇಳ್ತಾರೆ. ಸರಿ. ರೂಬೆನ್‌ನ ಒಪ್ಪಿಸಿದ್ದು ಯಾರು? ಸೌದೆಗೆ ಬೆಂಕಿ ಹತ್ತಿದ್ದು ಪಕ್ಕದ ಸೌದೆಯಿಂದ ಅಂದ್ಮಾತ್ರಕ್ಕೆ ಕಡ್ಡಿ ಗೀರಿದೋನಿಗೆ ಹೆಸರಿಲ್ವಾ?"

ಟೆಸ್ಸಾ "ಹೋ!" ಎಂದು ಮೇಜು ಕುಟ್ಟಿದಳು.

"ಸುಮ್ನಿರಮ್ಮ, ನಂದಿನ್ನೂ ಮುಗ್ದಿಲ್ಲ" ಎಂದರು ಅಜ್ಜಿ. ಆಮೇಲೆ ಅವರ ದನಿ ತಗ್ಗಿತು. "ಅವತ್ತು ಮನೆಗೆ ಹೋಗಿ ಟಿ.ವಿ. ಹಾಕ್ಲಿಲ್ಲ ನಾನು. ಸುಮ್ನೆ ಕೂತಿದ್ದೆ. ಹುಡುಗಿ ಬಿಟ್ಟು ಹೋದ್ಲು ಅಂತ ಮಗು ಅಳ್ತಾ ನಿಂತಿದ್ರೆ ಉಪ್ಪು ಹಾಕು ಅಂದಿದೀನಲ್ಲ... ಚರ್ಚಲ್ಲೇ ಹೆಸರು ಬರೀಬೇಕು ಅಂತಿದ್ದೆ. ಅಷ್ಟರಲ್ಲಿ ಹನ್ನೊಂದು ಜನ ಬರೆದಾಗಿತ್ತು. ಹನ್ನೆರಡನೆಯವಳಾಗಿ ಹೋಗಿ ನಿಂತ್ಕೊಳಕ್ಕೆ ಮನಸ್ಸು ಒಪ್ಪಲಿಲ್ಲ. ಜಂಬ, ಇನ್ನೇನು. ಅದು ನನ್ ತಪ್ಪು, ಅವನದಲ್ಲ. ಮಾರ್ಕ್ಸ್ ಹಾಕಿ."

ನಾನು ಪುಸ್ತಕ ತೆರೆದು ಎಲ್ಲರೆದುರಿಗೇ 'ಬಾಕಿ' ಹೊಡೆದುಹಾಕಿ 'ಎ' ಎಂದು ಬರೆದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಇಷ್ಟು ಬೇಗ ಒಪ್ಪಿಸಿದವರು ಬೇರೆ ಯಾರೂ ಇಲ್ಲ. ಹುಡುಗರು ಕಿರುಚಿದರು, ಬೆಂಚು ಬಡಿದರು. ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು, "ಅಯ್ಯೋ ಮೆಲ್ಲಗೆ! ಈಗ ಎಲ್ಲಾ ಕೇಳ್ಸುತ್ತೆ ನಂಗೆ. ಕಿಟಕಿ ಹತ್ರ ಕೂತಿರೋ ಆ ಹುಡುಗ ಆಗಿಂದ ಕರುಂ ಕುರುಂ ಅಂತ ಚಿಪ್ಸ್ ತಿಂತಿದಾನೆ, ಅದೂ ಕೇಳ್ಸುತ್ತೆ!" ಎಂದರು. ಬ್ರೆಡ್ಡು ಹತ್ತು ನಿಮಿಷದಲ್ಲಿ ಖಾಲಿಯಾಯಿತು. ವೇಡ್ ಮತ್ತು ಅಜ್ಜಿ ಕಿಟಕಿಯ ಬಳಿ ಕೂತು ಏನೋ ಮಾತಾಡುತ್ತಿದ್ದರು. ಅವನ ತುಟಿ ಆಡುತ್ತಿತ್ತು, ಅವರು ತಲೆಯಾಡಿಸುತ್ತಿದ್ದರು. ಏನು ಮಾತೋ, ನಮಗ್ಯಾರಿಗೂ ಕೇಳಿಸಲಿಲ್ಲ.

ಬೇಸಿಗೆಯಲ್ಲಿ ವೇಡ್‌ಗೆ ಕರೆಂಟ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಜ್ಜಿ ಈಗ ತುಟಿ ಬಿಗಿದುಕೊಂಡು ಇಸ್ಪೀಟು ಆಡುತ್ತಾರೆ. ಅವರೂ ರೂಬೆನ್ನೂ ಸರಿಸಮ. ನಾನು ಆ ಮರುವರ್ಷದಿಂದ ಹುಡುಗರು ಮಾಡುವ ಮನವೊಲಿಸುವ ಭಾಷಣಗಳನ್ನೆಲ್ಲ ಗುರುವಾರ ಆ ನೆಲಮಾಳಿಗೆಗೇ ವರ್ಗಾಯಿಸಿದ್ದೇನೆ. ಎಂಟು ಮೇಜಿನ ಆ ಹಿರಿಯರು ಸುಮ್ಮನೆ ತಲೆಯಾಡಿಸುವವರಲ್ಲ. ಮೊನ್ನೆ ಒಬ್ಬ ಹುಡುಗ ಬಂದು ಬೆಳಿಗ್ಗೆ ಬೇಗ ಏಳುವುದರ ಲಾಭಗಳನ್ನು ವಿವರಿಸಿದ. ಹೆಲ್ವಿ ಅಜ್ಜಿ ಪೂರ್ತಿ ಕೇಳಿಸಿಕೊಂಡು, "ನೀನು ಇವತ್ತು ಎಷ್ಟು ಗಂಟೆಗೆ ಎದ್ದೆಯಪ್ಪಾ?" ಎಂದು ಕೇಳಿದರು.