ಕರಿ ಚೀಲದ ಸೂಜಿ

ನಾನೊಂದು ಕಸದ ತಳ್ಳುಗಾಡಿ. ರಾಣೆಬೆನ್ನೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದೆ. ಮೂರು ಗಾಲಿ, ಎರಡು ಡ್ರಮ್ಮು; ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ಬಣ್ಣ ಆರುವ ಮೊದಲೇ ನನ್ನನ್ನು ಪೌರಕಾರ್ಮಿಕೆ ದುರುಗವ್ವನ ಕೈಗೆ ಕೊಟ್ಟು ಗಾಣದ ಓಣಿಗೆ ಅಟ್ಟಿದರು.

ಆ ಓಣಿಗೆ ಮೊದಲ ದಿನದಿಂದಲೂ ನನ್ನನ್ನು ಕಂಡರಾಗದು. ಆಶಾ ಕಾರ್ಯಕರ್ತೆ ಶಾಹೀನಾ ನಮ್ಮ ಜತೆ ಮನೆಮನೆಗೆ ಬಂದು, ಕಸ ಬೇರೆ ಮಾಡಿಕೊಟ್ಟರೆ ಒಣದ್ದು ಮರುಬಳಕೆಗೆ ಹೋಗುತ್ತದೆ, ಗಟಾರ ಕಟ್ಟುವುದಿಲ್ಲ, ಸೊಳ್ಳೆ ಕಡಿಮೆಯಾಗಿ ಡೆಂಗಿ ಇಳಿಯುತ್ತದೆ ಎಂದು ಹೇಳುತ್ತಿದ್ದಳು. ಅವಳು ಕೊಟ್ಟ ಕರಪತ್ರಗಳು ಮರುದಿನ ಹಳಸಿದ ಸಾರು ಮೆತ್ತಿಕೊಂಡು ನನ್ನ ಹೊಟ್ಟೆಗೇ ಬರುತ್ತಿದ್ದವು.

ಎಲ್ಲರಿಗಿಂತ ಬಿರುಸು ಹಾರ್ಡ್‌ವೇರ್ ಅಂಗಡಿಯ ಶಿವಯೋಗೆಪ್ಪ. ಎಲ್ಲವನ್ನೂ ಒಂದೇ ಕರಿ ಚೀಲಕ್ಕೆ ತುಂಬಿ ಮೆಟ್ಟಿಲ ಮೇಲಿಂದಲೇ ಒಗೆಯುತ್ತಿದ್ದರು. ಆರಿಸುವುದು ದುರುಗವ್ವನ ಕೆಲಸವಂತೆ. ಒಂದು ಮುಂಜಾನೆ ಅವಳು ಆ ಚೀಲಕ್ಕೆ ಕೈ ಹಾಕಿದಳು. ಸಕ್ಕರೆ ಕಾಯಿಲೆಯವರು ಚುಚ್ಚಿಕೊಂಡು ಎಸೆದ ಸೂಜಿ, ಹರಿದ ಕೈಗವಸು ದಾಟಿ ಅಂಗೈಗೆ ಇಳಿಯಿತು. ಅವಳು ನನ್ನ ಅಂಚು ಹಿಡಿದು ಸೂಜಿ ಕಿತ್ತಳು.

ಸೂಜಿಯಿಂದ ಎಚ್‌ಐವಿಯಂಥ ರೋಗ ತಗುಲಿರಬಹುದೆಂದು ಆಸ್ಪತ್ರೆಯಲ್ಲಿ ಚುಚ್ಚುಮದ್ದು, ಮಾತ್ರೆ ಕೊಟ್ಟು, ಆರು ತಿಂಗಳು ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕೆಂದರು. ಮನೆಯಲ್ಲಿ ತನ್ನ ತಟ್ಟೆಯನ್ನು ಬೇರೆ ಇಟ್ಟುಕೊಂಡಿದ್ದೇನೆ ಎಂದು ದುರುಗವ್ವ ಹೇಳಿದಾಗ, ಹಾಗೆಲ್ಲ ಬೇಡ, ಎಂಜಲಿಂದ ಆ ರೋಗ ಹರಡುವುದಿಲ್ಲ ಎಂದು ಶಾಹೀನಾ ಗದರಿದಳು. ನೆಟ್ಟಗೆ ಶಿವಯೋಗೆಪ್ಪನವರ ಬಾಗಿಲು ತಟ್ಟಿದಳು. ತಮ್ಮ ಮನೆಯಲ್ಲಿ ಸೂಜಿ ಚುಚ್ಚಿಕೊಳ್ಳುವವರೇ ಇಲ್ಲವೆಂದು ಅವರು ರೇಗಿ, ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡರು. ಒದ್ದ ಒದೆತಕ್ಕೆ ನನ್ನ ಮುಂಗಾಲಿ ಸೊಟ್ಟಗಾಯಿತು.

ಅಂದಿನಿಂದ, ಹಸಿ ಒಣ ಕೂಡಿಸಿ ಕೊಟ್ಟ ಕಸವನ್ನು ದುರುಗವ್ವ ಮುಟ್ಟಲಿಲ್ಲ. ಓಣಿಯವರು ಬೈದರು, ದೂರು ಕೊಟ್ಟರು. ಅವಳು ಪ್ರತಿ ಬಾಗಿಲಲ್ಲೂ ತನ್ನ ಅಂಗೈ ತೋರಿಸಿ ಮುಂದೆ ನಡೆದಳು. ಚೀಲಗಳು ಬಾಗಿಲಲ್ಲೇ ಕೊಳೆತವು.

ಎಂಟನೇ ದಿನ ಶಿವಯೋಗೆಪ್ಪನವರ ಹೆಂಡತಿ ಈರಮ್ಮ ಕೆಳಗಿಳಿದು ಬಂದರು. ಕೈಯಲ್ಲಿ ಬಿಗಿ ಮುಚ್ಚಳದ ಡಬ್ಬಿ, ಅದರ ತುಂಬ ಸೂಜಿ. ಗಂಡ ಮೆಟ್ಟಿಲ ಮೇಲೆ ನಿಂತಿರುವಾಗಲೇ, ನಾಲ್ಕು ಮನೆಗೆ ಕೇಳುವಂತೆ ಹೇಳಿದರು:

"ಆ ಸೂಜಿ ನನ್ನದವ್ವ. ನಮ್ಮ ಮನಿಯವರಿಗೂ ಗೊತ್ತಿತ್ತು."

ದುರುಗವ್ವ ಡಬ್ಬಿ ಇಸಿದುಕೊಂಡಳು. "ಇದನ್ನ ತಗೊಂತೀನ್ರಿ ಅಮ್ಮಾರ. ಮಾಫಿ ಮಾತ್ರ ಕೇಳಬ್ಯಾಡ್ರಿ. ಅದು ನನ್ನ ಕಡೆ ಇಲ್ಲ."

ಓಣಿ ಕಸ ಬೇರೆ ಮಾಡತೊಡಗಿತು, ಪ್ರೀತಿಗಲ್ಲ, ನಾಚಿಕೆಗೆ. ಕೊನೆಯ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ದಿನ ದುರುಗವ್ವ ನನಗೊರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಈಗ ಅವಳ ಕೆಲಸಕ್ಕೆ ಕಸ ಒಯ್ಯುವ ಆಟೋ ಬಂದಿದೆ. ನಾನು ಗುಜರಿಯ ಮೂಲೆಯಲ್ಲಿ ತುಕ್ಕು ಹಿಡಿದಿದ್ದೇನೆ. ಇನ್ನು ಕರಗಿಸುತ್ತಾರಂತೆ. ಕರಗಿಸಲಿ, ಮೊಳೆ ಮಾಡಲಿ, ಸಲಿಕೆ ಮಾಡಲಿ. ಆ ಓಣಿಯ ಬಾಗಿಲಿಗೆ ಚಿಲಕವಾಗುವುದು ಮಾತ್ರ ಬೇಡ.