ಕೊಕ್ಕೆಗೆ ಸಿಕ್ಕಿಸಿದ ಚುಕ್ಕಿ

ಅಪ್ಪನ ಎಡಗಾಲು ಕಪಾಟಿನ ಅಂಚಿಗೆ ಬಡಿದು ರಕ್ತ ಬಂತು. ಅಪ್ಪನಿಗೆ ಗೊತ್ತೇ ಆಗಲಿಲ್ಲ. ಪಾರ್ಶ್ವವಾಯು ಬಡಿದ ಮೇಲೆ ಆ ಕಾಲು ಅವನಿಗೆ ಮಾತು ಬಿಟ್ಟ ನೆಂಟನಿದ್ದ ಹಾಗೆ. ಜೋಲಿಯಲ್ಲಿ ಗಿರಕಿ ಹೊಡೆಯುತ್ತಾ, ನೆಲಕ್ಕೆ ತೊಟ್ಟಿಕ್ಕಿದ್ದನ್ನು ನೋಡಿ, "ಯಾರ್ದೋ ಅದು?" ಎಂದ.

ಇಳಿಸಿದೆ. ಒರೆಸಿದೆ. ಪಟ್ಟಿ ಕಟ್ಟಿದೆ.

"ಇನ್ನು ನನ್ನ ಇದಕ್ಕೆ ಹಾಕ್ಬೇಡಿ. ನಾನೇನು ಗೋದಾಮಿನ ಮೂಟೆಯಾ?"

ಅಪ್ಪನನ್ನು ಹಾಸಿಗೆಯಿಂದ ಬಚ್ಚಲಿಗೆ ಒಯ್ಯಲೆಂದು ನಾನೂ ಅಣ್ಣನೂ ಮಾಡಿದ ಯಂತ್ರ ಅದು. ಅಣ್ಣ ಕಂಪ್ಯೂಟರಿನಲ್ಲಿ ಮಾಡೆಲ್ ಬರೆದ. ಶಾಲೆ ಅರ್ಧಕ್ಕೆ ಬಿಟ್ಟ ನಾನು ಪೈಪು ಕತ್ತರಿಸಿ ವೆಲ್ಡಿಂಗ್ ಮಾಡಿದೆ. ಚಾವಣಿಯ ಹಳಿಯಲ್ಲಿ ಮೋಟರು ಓಡುತ್ತದೆ, ಅದರ ಕೊಕ್ಕೆಗೆ ಜೋಲಿ. ಇದು ಬೇಡವೆಂದರೆ ಅಪ್ಪನಿಗೆ ಉಳಿಯುವುದು ಹಾಸಿಗೆ, ಬೆಡ್‌ಪ್ಯಾನು. ಅಷ್ಟೇ.

ಅಣ್ಣ ಸಿಮ್ಯುಲೇಶನ್ ಓಡಿಸಿದ. ಪರದೆಯ ಮೇಲೆ ಬೂದು ಗೊಂಬೆಯೊಂದು ಹಳಿಯುದ್ದಕ್ಕೂ ಸಾಗಿ ಗಕ್ಕನೆ ನಿಂತಿತು. ಒಂದಿಷ್ಟೂ ತೂಗಲಿಲ್ಲ.

"ನೋಡು, ಇಲ್ಲಿ ಸರಿಯಾಗೇ ಇದೆ."

"ಹಾಗಾದ್ರೆ ಆ ಗೊಂಬೇನೇ ಬಚ್ಚಲಿಗೆ ಕಳ್ಸು," ಎಂದೆ.

ಕೈಯಲ್ಲಿದ್ದ ಸ್ಪ್ಯಾನರ್ ಎಸೆಯಬೇಕಿತ್ತು. ಎಸೆಯಲಿಲ್ಲ. ನನ್ನ ಸಿಟ್ಟಿಗೂ ಜೋಮು ಹಿಡಿದಿತ್ತು.

ಅಣ್ಣ ಅಂಕಿಗಳ ಪಟ್ಟಿ ತೆರೆದ, ಹಣೆ ಚಚ್ಚಿಕೊಂಡ. ಅವನ ಕೆಲಸ ಕಾರ್ಖಾನೆ ಕ್ರೇನುಗಳದ್ದು. ಹಳಿ ಬಾಗುತ್ತದೋ ಇಲ್ಲವೋ ಎಂದು ನೋಡಲು ಹೊರೆಯ ತೂಕ ಸಾಕು. ಕೊಕ್ಕೆಯ ತುದಿಗೆ ಒಂದು ಚುಕ್ಕಿ ಇಟ್ಟು ತೂಕ ಬರೆದುಬಿಡುತ್ತಾನೆ. ಅಪ್ಪನಿಗೂ ರೂಢಿಯಂತೆ ಹಾಗೇ ಮಾಡಿದ್ದ. ಗೊಂಬೆ ಬರೀ ತೋರಿಕೆಗೆ. ಮೈಭಾರದ ನಡು ಎಲ್ಲಿದೆ, ತಿರುಗತೊಡಗಿದ ಮೈ ನಿಲ್ಲಲು ಎಷ್ಟು ಮೊಂಡು ಹಿಡಿಯುತ್ತದೆ, ಆ ಜಡತ್ವದ ಅಂಕಿಗಳು ಮಾಡೆಲ್‌ನಿಂದ ಸಿಮ್ಯುಲೇಶನ್‌ಗೆ ಬಂದೇ ಇರಲಿಲ್ಲ. ಎಲ್ಲ ಸೊನ್ನೆ.

"ಅಪ್ಪನ್ನ ಚುಕ್ಕಿ ಮಾಡ್ಬಿಟ್ಯಲ್ಲೋ," ಎಂದೆ.

"ಹ್ಞೂಂ. ಟೇಪ್ ತಗೊಂಡ್ ಬಾ."

ಮೊಣಕೈ ಎಷ್ಟು ಮಡಚಿದೆ, ಕತ್ತು ಎಷ್ಟು ವಾಲಿದೆ, ಎಲ್ಲ ಅಳೆದೆ. ಎಡಗೈ ಎತ್ತಿದಾಗ ಒದ್ದೆ ಕಂಬಳಿಯಷ್ಟು ಭಾರ. ಅಪ್ಪ ಚಾವಣಿ ನೋಡುತ್ತಿದ್ದ.

"ಏನ್ರೋ, ಸೂಟ್ ಹೊಲಿಸ್ತೀರಾ?"

ಅಣ್ಣ ಗೊಂಬೆಯನ್ನು ಅಪ್ಪನಂತೆಯೇ ಎಡಕ್ಕೆ ವಾಲಿಸಿದ. ಈ ಸಲ ಆ ಆಕಾರದಿಂದಲೇ ಲೆಕ್ಕ ಹಾಕಿಸಿ ತೂಕ, ಭಾರದ ನಡು, ಜಡತ್ವ ಮೂರನ್ನೂ ಸಿಮ್ಯುಲೇಶನ್‌ಗೆ ಕೊಟ್ಟ. ಹಳಿಯ ಕೊನೆಯಲ್ಲಿ ಗೊಂಬೆ ಗಿರ್ರನೆ ತಿರುಗಿತು, ಎಡಗಾಲು ಕಪಾಟಿನತ್ತ ಚಿಮ್ಮಿತು. ಅದೇ ಕಾಲು. ನಾನು ಗೋಡೆ ನೋಡಿದೆ.

ಮೋಟರು ನಿಧಾನಕ್ಕೆ ನಿಲ್ಲುವಂತೆ ಅಣ್ಣ ಬದಲಾಯಿಸಿದ. ನಾನು ಜೋಲಿಯ ಎಡಕ್ಕೆ ಇನ್ನೊಂದು ಪಟ್ಟಿ ಹಾಕಿ, ಕಪಾಟು ಹೊರಗೆ ಎಳೆದೆ. ಪರದೆಯ ಗೊಂಬೆ ಈಗ ತುಸು ತೂಗಿ, ತಣ್ಣಗಾಯಿತು.

"ಪರದೆ ಮೇಲೆ ಮೊದ್ಲೂ ಸರಿಯಾಗೇ ಇತ್ತಂತಲ್ಲ," ಎಂದ ಅಪ್ಪ.

ನಾನು ಜೋಲಿ ಹತ್ತಿದೆ. ಕತ್ತು ವಾಲಿಸಿ, ಎಡಭಾಗ ಪೂರ್ತಿ ಸಡಿಲ ಬಿಟ್ಟೆ. ಅದಕ್ಕೆ ಹೆಚ್ಚು ಕಷ್ಟವಾಗಲಿಲ್ಲ. ರಿಮೋಟನ್ನು ಅಪ್ಪನ ಬಲಗೈಗೆ ಕೊಟ್ಟೆ.

"ಒತ್ತು."

ಅಪ್ಪ ಒತ್ತಿದ. ಬಚ್ಚಲ ಬಾಗಿಲವರೆಗೆ ಒಯ್ದು ನಿಲ್ಲಿಸಿದ. ನನ್ನ ಎಡಗಾಲನ್ನೇ ನೋಡುತ್ತಿದ್ದ. ಅದು ಒಂದಿಷ್ಟು ತೂಗಿ ನಿಂತಿತು. ವಾಪಸ್ ತಂದ. ಮತ್ತೆ ಒಯ್ದ.

"ಸಾಕಪ್ಪಾ, ಇಳ್ಸು."

"ಸುಮ್ನಿರೋ ಮೂಟೆ."

ಇನ್ನೊಂದು ಸಲ ಒಯ್ದು ತಂದ. ಆಮೇಲೆ ರಿಮೋಟನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದ:

"ಇಳಿ ಬೇಗ. ನಂಗೆ ಅರ್ಜೆಂಟಾಗಿದೆ."