ಬಿಟ್ಟಿ ಸಿಕ್ಕ ಗಾಜಿನ ಹಾಲ್

ಬಡತನ ಹೇಳಿಕೊಳ್ಳಲು ಹೋಗುವವರು ಜರತಾರಿ ಹೊದ್ದು ಹೋಗಬಾರದು. ಇಷ್ಟು ಸಣ್ಣ ಬುದ್ಧಿ ಎಲೆಟ್ ಕೌಂಟಿಯ ಅಧ್ಯಕ್ಷ ಬರ್ಲ್ ಕ್ವೆಸೆನ್‌ಬೆರಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ಕೌಂಟಿ ಕಚೇರಿಯ ಗುಮಾಸ್ತೆ ರೋಂಡಾ ಏಕರ್ಸ್‌ಗೆ, ಅದೂ ಸಭೆಯ ದಿನ ಬೆಳಿಗ್ಗೆ ಏಳಕ್ಕೆ ಹಾಲ್‌ನ ಬಾಗಿಲು ತೆಗೆದ ಮೇಲೆ.

ಪ್ರತಿ ನವೆಂಬರಿನಲ್ಲೂ, ರಾಜಧಾನಿ ರಿಚ್ಮಂಡಿನಲ್ಲಿ ರಾಜ್ಯದ ಶಾಸನಸಭೆ ಸೇರುವ ಮುಂಚೆ, ಕೌಂಟಿಯವರು ಅಲ್ಲಿ ತಮ್ಮನ್ನು ಪ್ರತಿನಿಧಿಸುವ ಸೆನೆಟರನ್ನು ಕರೆದು ತಿಂಡಿ ಹಾಕಿ, ಈ ವರ್ಷ ನಮಗೆ ಇಂತಿಂಥದ್ದು ಆಗಬೇಕು ಎಂದು ಪಟ್ಟಿ ಒಪ್ಪಿಸುವುದು ವಾಡಿಕೆ. ಯಾವಾಗಲೂ ಅದು ಅಗ್ನಿಶಾಮಕ ಠಾಣೆಯಲ್ಲಿ, ಕಿರ್ರೆನ್ನುವ ಮಡಚು ಕುರ್ಚಿಗಳ ಮೇಲೆ ನಡೆಯುತ್ತಿತ್ತು. ಈ ಸಲ ಅಲ್ಲಿ ಕಟ್ಟಡ ಬೆಚ್ಚಗಿಡುವ ಬಾಯ್ಲರ್ ಕೈಕೊಟ್ಟಿತು. ಸರೋವರದ ದಂಡೆಯ ದೋಣಿ ಕ್ಲಬ್ಬಿನವರು ನಮ್ಮ ಹಾಲ್ ಬಿಟ್ಟಿಯಾಗಿ ತಗೊಳ್ಳಿ ಅಂದರು. ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದರೆ ಬರ್ಲ್ ಉಳಿದದ್ದನ್ನು ಕೇಳಿಸಿಕೊಳ್ಳುವ ಪೈಕಿಯಲ್ಲ.

ತಲೆಯ ಮೇಲೆ ಹರಳಿನ ತೂಗುದೀಪ. ಕಾಲು ಹೂತುಹೋಗುವ ಜಮಖಾನೆ. ಒಂದು ಕಡೆ ನೆಲದಿಂದ ಸೂರಿನವರೆಗೆ ಬರೀ ಗಾಜು, ಪರದೆಯೂ ಇಲ್ಲ. ಗಾಜಿನಾಚೆ ಸರೋವರ, ಅದರ ಸುತ್ತ ಹೊರಗಿನವರು ಕಟ್ಟಿಸಿದ ಮೂರಂತಸ್ತಿನ ಬಂಗಲೆಗಳು.

ಆ ಬಂಗಲೆಗಳೇ ವಿಲನ್ನುಗಳು. ಶಾಲೆಗಳಿಗೆ ಹಣ ಹಂಚುವಾಗ ರಾಜ್ಯ ಸರ್ಕಾರ ಆಯಾ ಕೌಂಟಿಯ ಮನೆ, ಜಮೀನಿನ ಬೆಲೆ ನೋಡುತ್ತದೆ. ಎಲೆಟ್‌ನ ಲೆಕ್ಕಕ್ಕೆ ಈ ಬಂಗಲೆಗಳೂ ಸೇರಿ, ನೀವು ಶ್ರೀಮಂತರು, ನಿಮ್ಮ ಶಾಲೆ ನೀವೇ ನೋಡಿಕೊಳ್ಳಿ ಎಂದು ಅದು ಕೈಕೊಡವುತ್ತದೆ. ಈ ಲೆಕ್ಕ ಬದಲಾಗದಿದ್ದರೆ ಮುಂದಿನ ಬೇಸಿಗೆಗೆ ಡ್ರೈ ಫೋರ್ಕ್ ಗುಡ್ಡದ ಶಾಲೆಗೆ ಬೀಗ. ರೋಂಡಾಳ ಮಗಳು ಜೋಲೀನ್ ಅಲ್ಲಿ ಎರಡನೇ ಕ್ಲಾಸು. ಬೀಗ ಬಿದ್ದರೆ ಏಳು ವರ್ಷದ ಆ ಮಗು ದಿನಕ್ಕೆ ಮೂರು ತಾಸು ಗುಡ್ಡದ ತಿರುವುಗಳಲ್ಲಿ ಬಸ್ಸಿನೊಳಗಿರಬೇಕು. ಎರಡು ತಿರುವು ದಾಟುವುದರೊಳಗೆ ವಾಂತಿ ಮಾಡುವ ಮಗು ಅದು.

ಪುಣ್ಯಕ್ಕೆ ಹೊರಗೆ ಮಂಜು ಕವಿದಿತ್ತು. ಹೀರೋ ಬರುವ ಮುಂಚೆ ಪರದೆ ತುಂಬ ಹೊಗೆ ಬಿಡುತ್ತಾರಲ್ಲ, ಅಷ್ಟು ದಟ್ಟವಾಗಿ. ಇನ್ನೊಂದು ಗಂಟೆ ಹೀಗೇ ಇರಪ್ಪ ಎಂದು ಬೇಡಿಕೊಂಡು, ರೋಂಡಾ ಸೆನೆಟರರ ಕುರ್ಚಿಯನ್ನು ಗಾಜಿಗೆ ಬೆನ್ನು ಮಾಡಿ ಇಟ್ಟಳು.

ಸೆನೆಟರ್ ಕಾಯ್ ಬ್ರಾಮರ್ ಬಂದರು. ಎಪ್ಪತ್ತರ ಮನುಷ್ಯ, ದನಿ ಕಲ್ಲುಗಣಿಯದು. ಇದ್ದೂ ಕೈಚಾಚುವ ಕೌಂಟಿಗಳನ್ನು ಕಂಡರೆ ಮೈ ಉರಿಯುತ್ತದೆ ಎಂದು ಪತ್ರಿಕೆಯವರ ಮುಂದೆಯೇ ಹೇಳಿದವರು. ಬಿಸ್ಕಿಟ್ ಎಂದು ಅಲ್ಲಿ ಕರೆಯುವ ಮೆತ್ತನೆ ಬನ್ನು ಬಿಡಿಸಿ, ಹಂದಿಮಾಂಸದ ಹ್ಯಾಮ್ ಒಳಗಿಟ್ಟು, ಹೇಳಿ ಅಂದರು.

ಬರ್ಲ್ ಶುರು ಮಾಡಿದ. ಅವನ ಅಜ್ಜ ಯಾವ ವರ್ಷ ಹೇಸರಗತ್ತೆ ಮೇಲೆ ಈ ಊರಿಗೆ ಬಂದ ಎಂಬಲ್ಲಿಂದ. ಅದಾದ ಮೇಲೆ ಸೇತುವೆ, ಆಮೇಲೆ ಬೀದಿನಾಯಿ ಬರಬೇಕಿತ್ತು. ಶಾಲೆಯ ಮಾತು ಸರದಿಯಲ್ಲಿ ನಾಲ್ಕನೆಯದು. ಅಜ್ಜ ಇನ್ನೂ ಹೇಸರಗತ್ತೆಯಿಂದ ಇಳಿದಿರಲಿಲ್ಲ, ಇತ್ತ ಮಂಜು ಹರಿಯತೊಡಗಿತು. ಮೊದಲು ಒಂದು ಕೆಂಪು ಛಾವಣಿ. ಪಕ್ಕದಲ್ಲೇ ಬಿಳಿ ಕಂಬಗಳು. ಸೆನೆಟರರ ಕುತ್ತಿಗೆ ಅತ್ತಿತ್ತ ಹೊರಳಿದಾಗಲೆಲ್ಲ ರೋಂಡಾ ಕಾಫಿ ಹಿಡಿದು ಅಡ್ಡ ನಿಂತಳು. ನಾಲ್ಕನೇ ಲೋಟಕ್ಕೆ ಅವರು, “ಏನಮ್ಮಾ, ಕಾಫೀಲೇ ಮುಳುಗಿಸಿ ಸಾಯಿಸ್ತೀಯಾ?” ಅಂದರು.

ಕೊನೆಗೂ ಬರ್ಲ್ ಶಾಲೆಗೆ ಬಂದ. “ನಮ್ದು ಬಡ ಕೌಂಟಿ, ಸೆನೆಟರೇ” ಎಂದು ಎದೆ ಮೇಲೆ ಕೈಯಿಟ್ಟ. ಅದೇ ಗಳಿಗೆಗೆ ಬಿಸಿಲು ಬಿತ್ತು. ತೂಗುದೀಪದ ಹರಳುಗಳೆಲ್ಲ ಹೊತ್ತಿಕೊಂಡವು. ಸೆನೆಟರ್ ಕುರ್ಚಿ ಸಮೇತ ಹಿಂದೆ ತಿರುಗಿದರು.

ದಂಡೆಯುದ್ದಕ್ಕೂ ಬಂಗಲೆಗಳು ಕ್ಲೋಸಪ್ಪಿಗೆ ನಿಂತಂತೆ ನಿಂತಿದ್ದವು.

“ಬಡತನ ಚೆನ್ನಾಗಿ ಹೊಳೀತಿದೆ ಕಣಯ್ಯಾ ಬರ್ಲ್” ಎಂದು ಸೆನೆಟರ್ ಕೈಯೊರೆಸಿಕೊಂಡು ಎದ್ದರು. ಬರ್ಲ್‌ಗೆ ಅಜ್ಜನೂ ನೆರವಿಗೆ ಬರಲಿಲ್ಲ.

ಹದಿನಾಲ್ಕು ವರ್ಷದಿಂದ ಇತರರ ಮಾತು ಬರೆದುಕೊಳ್ಳುವುದೇ ರೋಂಡಾಳ ಕೆಲಸ. ಸಭೆಯಲ್ಲಿ ಗುಮಾಸ್ತೆ ಬಾಯಿ ತೆರೆದದ್ದನ್ನು ಆ ಕೌಂಟಿ ಕಂಡಿರಲಿಲ್ಲ. ಸೆನೆಟರ್ ಹೊರಡಲೆಂದು ಕೋಟು ಕೈಗೆತ್ತಿಕೊಂಡಾಗ ಅವಳಿಗೆ ಕಂಡದ್ದು ಬಸ್ಸಿನ ಕಿಟಕಿಗೆ ತಲೆಯಾನಿಸಿದ ಜೋಲೀನ್ ಮಾತ್ರ.

“ನೋಡಿದ್ದು ನೋಡಿದ್ರಿ, ಪೂರ್ತಿ ನೋಡ್ಬಿಡಿ ಸಾರ್” ಅಂದಳು. ದನಿ ಎಲ್ಲಿಂದ ಬಂತೋ. “ಇಷ್ಟು ಚಳೀಲಿ ಒಂದಾದ್ರೂ ಚಿಮಣೀಲಿ ಹೊಗೆ ಇದ್ಯಾ? ಒಂದಾದ್ರೂ ಕಾರ್ ನಿಂತಿದ್ಯಾ? ಇವತ್ತು ಸ್ಕೂಲ್ ಇರೋ ದಿನ. ಅಲ್ಲಿ ಬಸ್ಸಿಗೆ ಕಾಯ್ತಿರೋ ಒಂದು ಮಗು ತೋರಿಸಿ, ನಾವು ಪಟ್ಟಿ ಹರಿದು ಹಾಕ್ತೀವಿ. ಬೀಗ ಹಾಕಿರೋ ಮನೆಗಳನ್ನ ತೋರಿಸಿ, ಶ್ರೀಮಂತರು ನೀವು ಅಂತೀರಲ್ಲ, ಅದಕ್ಕೆ ನಮ್ಮ ಮಕ್ಕಳ ಸ್ಕೂಲ್ ಮುಚ್ಚಬೇಕಾ?”

ಸೆನೆಟರ್ ಗಾಜಿನ ಹತ್ತಿರ ಹೋಗಿ ಒಂದೊಂದೇ ಚಿಮಣಿ ನೋಡುತ್ತ ಬಂದರು.

“ಎಡಗಡೆಯಿಂದ ನಾಲ್ಕನೇದು ನನ್ನ ಭಾಮೈದಂದು” ಅಂದರು. “ಜುಲೈನಲ್ಲಿ ಒಂಬತ್ತು ದಿನ ಇರ್ತಾನೆ. ಹತ್ತನೇ ದಿನ ಬೇಜಾರಾಗುತ್ತೆ, ಹೊರಟುಬಿಡ್ತಾನೆ.”

ಅವರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟರು. ಈ ಲೆಕ್ಕ ಬದಲಿಸುವ ಮಸೂದೆ ಮಂಡಿಸುತ್ತೇನೆ, ಆದರೆ ಪಾಸಾಗುತ್ತದೆ ಎಂದು ಹೇಳಲಾರೆ ಅಂದರು. ಹೋದ ವರ್ಷ ಇಂಥದ್ದೇ ಒಂದು ಮಸೂದೆ ಶಾಸನಸಭೆಯ ಸಮಿತಿಯಲ್ಲೇ ಸತ್ತಿತಂತೆ. ಆ ಸಮಿತಿಯ ಹದಿನೈದು ಜನರಿಗೂ ಈ ಸರೋವರ ಗೊತ್ತಿರುವುದು ಬೇಸಿಗೆಯ ಫೋಟೋಗಳಲ್ಲಿ ಮಾತ್ರ.

“ಜನವರೀಲಿ ನೀನು ಬಂದು ಅವರ ಮುಂದೆ ಹೇಳ್ಬೇಕು. ಎರಡು ನಿಮಿಷ ಕೊಡ್ತಾರೆ. ಬರ್ಲ್ ಬೇಡ, ಎರಡು ನಿಮಿಷದಲ್ಲಿ ಅವನ ಅಜ್ಜ ಹೇಸರಗತ್ತೆ ಹತ್ತೋದೂ ಇಲ್ಲ.”

ನಾನು ಬರೀ ಗುಮಾಸ್ತೆ ಎಂದು ರೋಂಡಾ ತೊದಲಿದಳು.

“ನೀನು ಬರಲ್ಲ ಅಂದ್ರೆ ನಾನೂ ಮಂಡಿಸಲ್ಲ.”

“ಬರ್ತೀನಿ ಸಾರ್.”

ಕಾರು ಹೊರಟ ಮೇಲೆ ಅವಳು ಕ್ಲಬ್ಬಿನ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಬೇಸಿನ್ನನ್ನು ಎರಡು ಕೈಯಲ್ಲೂ ಹಿಡಿದು, ಕನ್ನಡಿಯನ್ನೇ ಸಮಿತಿ ಎಂದುಕೊಂಡು, ಗೌರವಾನ್ವಿತ ಸದಸ್ಯರೇ ಎನ್ನಲು ನೋಡಿದಳು. ಸ್ವರ ಹೊರಡಲಿಲ್ಲ. ನೀರು ಕುಡಿದು ಇನ್ನೊಮ್ಮೆ ನೋಡಿದಳು. ಆಗಲೂ ಇಲ್ಲ. ಜನವರಿಗೆ ಇನ್ನೂ ಏಳು ವಾರ ಇತ್ತು.